ಕ್ಯಾತಪ್ಪನ ಮೊಳಗೋಲು

ಧಡ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಧಡ್.

ಪಕ್ಕದ ಮನೆಯಲ್ಲಿ ದಾಸಣ್ಣ ಮಗ್ಗಕ್ಕೆ ಕೂತಿದ್ದ. ಕಂಬಳಿಯ ನೂಲನ್ನು ಮರದ ಪಟ್ಟಿಯಿಂದ ಹೊಡೆದು ಕೂರಿಸುವ ಸದ್ದು ಗೋಡೆ ದಾಟಿ ಬಂದು ಜುಂಜಮ್ಮನ ಒಲೆಯ ಪಕ್ಕದ ಚೊಂಬಿನ ನೀರನ್ನು ಅಲುಗಿಸುತ್ತಿತ್ತು. ಅವಳು ಒಲೆಗೆ ಪುಳ್ಳೆ ತಳ್ಳುತ್ತ ಕಿವಿಗೊಟ್ಟಳು. ಎರಡು ಏಟಿನ ನಡುವೆ ಅವನು ತಡೆಯುತ್ತಿದ್ದ. ಅವನ ಮಗ್ಗದ ಕಂಬಕ್ಕೆ ಗೆದ್ದಲು ಹಿಡಿದಿತ್ತು; ಜೋರಾಗಿ ಹೊಡೆದರೆ ಇಡೀ ಮಗ್ಗ ಅಲ್ಲಾಡುತ್ತಿತ್ತು. ತಡೆದಾಗಲೆಲ್ಲ ಅವನು ಈ ಗೋಡೆಯ ಕಡೆಗೇ ನೋಡುತ್ತಾನೆ ಎಂದು ಜುಂಜಮ್ಮನಿಗೆ ಅನುಮಾನ. ಗೋಡೆಯ ಈಚೆ, ನಡುಮನೆಯಲ್ಲಿ, ಅವಳ ಗಂಡ ಕ್ಯಾತಪ್ಪನ ಮಗ್ಗ ಎರಡು ವರ್ಷದಿಂದ ಗೋಣಿತಾಟು ಹೊದ್ದು ನಿಂತಿತ್ತು.

ಕ್ಯಾತಪ್ಪ ಜ್ವರದಲ್ಲಿ ಹೋದ. ದಾಸಣ್ಣ ಅವನ ತಮ್ಮ. ಶಿರಾದಿಂದ ಮೂರು ಮೈಲಿ ದೂರದ ಆ ಕುರುಬರ ಕೇರಿಯಲ್ಲಿ ಹೆಂಗಸರು ಉಣ್ಣೆ ನೂಲುತ್ತಿದ್ದರು, ಹುಣಸೆಬೀಜ ಅರೆದು ನೂಲಿಗೆ ಗಂಜಿ ಕಾಯಿಸುತ್ತಿದ್ದರು, ಬೀದಿಯಲ್ಲಿ ಗೂಟ ನೆಟ್ಟು ಉದ್ದ ಎಳೆಗಳ ಹಾಸು ಹಾಕುತ್ತಿದ್ದರು. ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಗುಂಡಿಗೆ ಇಳಿಯುವವರು ಮಾತ್ರ ಗಂಡಸರು. ಹುಡುಗನೊಬ್ಬ ಮೊದಲ ಸಲ ಗುಂಡಿಗೆ ಇಳಿಯುವ ದಿನ ಮೊಣಕೈಯಿಂದ ನಡುಬೆರಳ ತುದಿಗೆ ಅಳತೆ ಹಿಡಿದು ಹೊಂಗೆಯ ಕೋಲೊಂದನ್ನು ಕತ್ತರಿಸಿ ಕೊಡುತ್ತಿದ್ದರು. ಹುಡುಗ ಬೆಳೆದು ಆಳಾದ ಮೇಲೆ ಒಂದೇ ಒಂದು ಸಲ ಅದನ್ನು ಬದಲಿಸುತ್ತಿದ್ದರು. ಅದೇ ಅವನ ಮೊಳಗೋಲು. ಅವನ ಕಂಬಳಿಗಳೆಲ್ಲ ಅದರ ಅಳತೆಯವು. ಅವನು ಸತ್ತಾಗ ಕೋಲನ್ನು ಅವನ ಜೊತೆ ಮಣ್ಣಿಗೆ ಹಾಕುವುದು ಕೇರಿಯ ಪದ್ಧತಿ. ಕ್ಯಾತಪ್ಪನನ್ನು ಹೂಳುವ ದಿನ ದಾಸಣ್ಣ ಬಂದು, "ಕೋಲೆಲ್ಲಿ ಅತ್ಗೆ?" ಎಂದು ಕೇಳಿದ್ದ. ಜುಂಜಮ್ಮ, "ಸಿಗವಲ್ದು ದಾಸಣ್ಣ" ಎಂದಿದ್ದಳು. ಕೋಲು ರಾಗಿ ವಾಡೆಯ ತಳದಲ್ಲಿತ್ತು.

ಯಾಕೆ ಹಾಗೆ ಹೇಳಿದಳೋ ಅವಳಿಗೂ ಗೊತ್ತಿರಲಿಲ್ಲ. ಅವನ ಕೈಯಳತೆಯ ವಸ್ತು ಆ ಮನೆಯಲ್ಲಿ ಬೇರೊಂದು ಇರಲಿಲ್ಲ, ಅಷ್ಟೆ.

ಅವಳು ಪಾವಗಡದ ಆಚೆ, ತೆಲುಗು ಬೆರೆತ ಸೀಮೆಯಿಂದ ಹದಿನಾಲ್ಕು ವರ್ಷಕ್ಕೆ ಮದುವೆಯಾಗಿ ಬಂದವಳು. ಸಿಟ್ಟು ಬಂದರೆ ಈಗಲೂ ಬಾಯಲ್ಲಿ ತೆಲುಗು ಬರುತ್ತಿತ್ತು. ಅವಳ ಅನುಮಾನವೂ ಆ ಸೀಮೆಯಿಂದಲೇ ಬಂದದ್ದು. ಅವಳು ಎಂಟು ವರ್ಷದವಳಿದ್ದಾಗ ಅಪ್ಪನ ಕುರಿಮಂದೆಗೆ ಬಿಳಿ ಟೋಪಿಯ ಒಬ್ಬ ಬಂದಿದ್ದ. ಕಾಲುರೋಗಕ್ಕೆ ಪುಕ್ಕಟೆ ಔಷಧಿ ಹಚ್ಚುತ್ತೇನೆ ಎಂದ. ಒಂದೊಂದೇ ಕುರಿಯ ಕಾಲು ಎತ್ತಿ, ತುಂಬ ಪ್ರೀತಿಯಿಂದ ಹಚ್ಚಿದ. ಅಪ್ಪ ಅವನಿಗೆ ಹಾಲು ಕಾಯಿಸಿ ಕೊಟ್ಟ. ಮೂರು ದಿನದ ಮೇಲೆ ಮಂದೆಯ ಒಳ್ಳೆಯ ಏಳು ಟಗರು ಕಾಣೆಯಾದವು. ಪುಕ್ಕಟೆ ಕೊಡುವವರ ಕೈ ಏನನ್ನು ಮುಟ್ಟಿ ನೋಡುತ್ತಿದೆ ಎಂಬುದನ್ನು ಜುಂಜಮ್ಮ ಅಂದಿನಿಂದ ಗಮನಿಸುತ್ತ ಬಂದಳು.

ಐವತ್ತೊಂಬತ್ತನೆಯ ಇಸವಿ. ಬ್ಲಾಕಾಫೀಸಿನ ಬೋರ್ಡಿನ ಬಣ್ಣ ಇನ್ನೂ ಹೊಸದಾಗಿದ್ದ ಕಾಲ. ಮಗ್ಗದ ವಿಷಯ ಕೇರಿಯ ಕಟ್ಟೆಗೆ ಬಂತು. ದಾಸಣ್ಣ ಬಿರುಸಾಗೇನೂ ಮಾತಾಡಲಿಲ್ಲ. "ನಮ್ಮಣ್ಣನ ಮಗ್ಗ ಸುಮ್ನೆ ನಿಂತೈತೆ, ನನ್ನ ಮಗ್ಗ ಗೆದ್ದಲು ತಿಂತೈತೆ. ಅತ್ಗೆ ನೂಲು ತೆಗೀಲಿ, ನಾನು ನೇಯ್ತೀನಿ, ಇಬ್ರಿಗೂ ಹೊಟ್ಟೆಗಾಯ್ತದೆ. ನಾನು ಹೇಳಿದ್ದು ತಪ್ಪಾ?" ಎಂದ. ಯಾರಿಗೂ ತಪ್ಪು ಕಾಣಲಿಲ್ಲ.

"ನಾನೇ ನೇಯ್ತೀನಿ" ಎಂದಳು ಜುಂಜಮ್ಮ.

ಕಟ್ಟೆ ನಕ್ಕಿತು. ನಗದೆ ಉಳಿದವಳು ಆ ಹೊತ್ತಿಗೆ ಸೈಕಲ್ಲು ತಳ್ಳಿಕೊಂಡು ಬಂದಿದ್ದ ಗ್ರಾಮಸೇವಿಕೆ ಅಫ್ಜಲುನ್ನೀಸಾ. ಶಿರಾದವಳು, ವಯಸ್ಸು ಇಪ್ಪತ್ತೈದಿರಬಹುದು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಳ್ಳುತ್ತ, ಶಿರಾದಲ್ಲಿ ಕಂಬಳಿ ನೇಯುವ ತರಬೇತಿ ಶುರುವಾಗುತ್ತದೆ, ಆರು ವಾರ, ಹೆಂಗಸರಿಗೇ ಅಂತ ಮಾಡಿದ್ದಾರೆ, ಉಣ್ಣೆ ನೂಲು ಅವರದೇ, ಮಧ್ಯಾಹ್ನದ ಊಟವೂ ಅವರದೇ ಎಂದಳು.

"ಊಟಾನೂ ಅವ್ರದೇ?" ಜುಂಜಮ್ಮ ಅವಳ ಕೈಯನ್ನು ನೋಡಿದಳು. ಕೈಯಲ್ಲಿ ಒಂದು ಪುಸ್ತಕ, ಒಂದು ಪೆನ್ನು. "ಎಂದುಕು?"

"ಯಾಕೆ ಅಂದ್ರೆ? ನಿಮ್ ಕಾಲ್ ಮೇಲೆ ನೀವು ನಿಂತ್ಕೊಳ್ಲಿ ಅಂತ."

"ನಿಂತೇ ಇದೀನಲ್ಲ."

ಕೇರಿಯ ಹಿರಿಯ ಚಿಕ್ಕನರಸಯ್ಯ ಎಲೆಯಡಿಕೆ ಉಗಿದು ತೀರ್ಮಾನ ಹೇಳಿದ. "ಇಂಗೆ ಮಾಡಾನ. ಇವಳಿಗೆ ನೇಯಾಕೆ ಬತ್ತದೆ ಅಂತ ಸರ್ಕಾರದೋರು ಕಾಗದ ಕೊಟ್ರೆ ಮಗ್ಗ ಇವಳ್ದು. ಕೊಡ್ದಿದ್ರೆ ದಾಸಣ್ಣಂದು. ಆರು ವಾರ ಕಾಯೋಕೇನು ದಾಸಣ್ಣ?"

"ಕಾಯ್ತೀನಿ ಬುಡಿ" ಎಂದ ದಾಸಣ್ಣ. ಅಷ್ಟು ಸುಲಭಕ್ಕೆ ಒಪ್ಪಿಕೊಂಡನಲ್ಲ ಎಂದು ಜುಂಜಮ್ಮನಿಗೆ ಅವತ್ತು ನಿದ್ದೆ ಬರಲಿಲ್ಲ.

ತರಬೇತಿ ನಡೆದದ್ದು ಶಿರಾದ ಒಂದು ಹಳೆಯ ಹುಣಸೆಹಣ್ಣಿನ ಮಂಡಿಯಲ್ಲಿ. ಹಣ್ಣು ಖಾಲಿಯಾಗಿ ವರ್ಷವಾಗಿದ್ದರೂ ಗೋಡೆಗಳಲ್ಲಿ ಹುಳಿ ವಾಸನೆ ಉಳಿದಿತ್ತು. ನೆಲ ಅಗೆದು ಹನ್ನೆರಡು ಗುಂಡಿ ತೋಡಿ ಹನ್ನೆರಡು ಮಗ್ಗ ಹೂಡಿದ್ದರು. ಹೇಳಿಕೊಡುವವರು ಬಸವಲಿಂಗಯ್ಯ, ಬೇರೆ ಜಿಲ್ಲೆಯಿಂದ ಬಂದ ಖಾದಿ ಜುಬ್ಬಾದ ಮೇಷ್ಟ್ರು. ಸಣ್ಣ ದನಿ, ಕಿವಿಯ ಮೇಲೊಂದು ಪೆನ್ಸಿಲ್ಲು, ಕುತ್ತಿಗೆಯ ಸುತ್ತ ದರ್ಜಿಯ ಬಟ್ಟೆ ಟೇಪು.

ಮೊದಲ ದಿನವೇ ಹೆಬ್ಬೆಟ್ಟು ಒತ್ತಬೇಕಾಯಿತು. "ಇದ್ರಲ್ಲಿ ಏನ್ ಬರ್ದೈತೆ?" ಎಂದು ಜುಂಜಮ್ಮ ಕೇಳಿದಳು. ಮೇಷ್ಟ್ರು ಓದಿ ಹೇಳಿದರು. ಅವಳು ಅಫ್ಜಲುನ್ನೀಸಾಳ ಹತ್ತಿರ ಹೋಗಿ ಅದನ್ನೇ ಇನ್ನೊಂದು ಸಲ ಓದಿಸಿದಳು. ಇಬ್ಬರೂ ಒಂದೇ ಓದಿದರು. ಇಬ್ಬರೂ ಮೊದಲೇ ಮಾತಾಡಿಕೊಂಡಿರಬಹುದು ಎಂದುಕೊಳ್ಳುತ್ತಲೇ ಒತ್ತಿದಳು.

ಪಕ್ಕದ ಮಗ್ಗದ ಚಿಕ್ಕಹನುಮಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೆಬ್ಬೆಟ್ಟು ಒತ್ತಿದ್ಮೇಲೆ ಬೆಟ್ಟು ನಿನ್ ಹತ್ರನೇ ಐತಾ ನೋಡ್ಕ ಕಣಮ್ಮ, ಕಿತ್ಕಂಡಿರ್ತಾರೆ!"

"ನಗು, ನಗು. ಕೊನೇಲಿ ನೋಡಾನ."

ಗುಂಡಿಗೆ ಇಳಿಯುವ ದಿನ ಅವಳು ಅಂಚಿನ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇಪ್ಪತ್ತು ವರ್ಷ ಮಗ್ಗದ ಪಕ್ಕದಲ್ಲಿ ಕೂತು ನೂಲು ಸುತ್ತಿಕೊಟ್ಟವಳು, ಅದರ ಅಂಚಿನಿಂದ ಕೆಳಗೆ ಪಾದ ಇಳಿಸಿರಲಿಲ್ಲ. ಕೆಳಗಿನ ಮಣ್ಣು ತಣ್ಣಗಿತ್ತು. ಮೇಷ್ಟ್ರು ಕಾಲಮಣೆ ತುಳಿಯುವುದನ್ನು ತೋರಿಸಿದರು, ಲಾಳಿ ಎಸೆಯುವುದನ್ನು ತೋರಿಸಿದರು. ಪಟ್ಟಿ ಹಿಡಿದು ಹೊಡೆಯುವುದನ್ನು ತೋರಿಸುವ ಮೊದಲೇ ಅವಳ ಕೈ ಹೊಡೆದುಬಿಟ್ಟಿತು. ಧಡ್, ಧಡ್. ತಡೆಯಿಲ್ಲದೆ ಎರಡು. ಕ್ಯಾತಪ್ಪ ಇದ್ದಾಗ ಮುಸ್ಸಂಜೆ ನಡುಮನೆಯಿಂದ ಅಡುಗೆಮನೆಗೆ ಬರುತ್ತಿದ್ದ ಸದ್ದು ಈಗ ಅವಳ ಕೈಯಿಂದಲೇ ಹೊರಟಿತ್ತು. ಅವಳು ಪಟ್ಟಿ ಬಿಡದೆ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಣ್ಣಿಗೆ ಉಣ್ಣೆಯ ಎಳೆ ಬಿತ್ತೇನೋ ಎಂದು ಮೇಷ್ಟ್ರು ಮುಂದೆ ಹೋದರು.

ಐದನೆಯ ವಾರ ಪರೀಕ್ಷೆಯ ಕಂಬಳಿ ಶುರುವಾಯಿತು. ಎಲ್ಲರೂ ಆರು ಮೊಳದ ಕರಿ ಕಂಬಳಿ ಒಂದೊಂದು ನೇಯಬೇಕು, ನೇಯ್ದವರಿಗೆ ಕಾಗದ. ಒಬ್ಬೊಬ್ಬರಿಗೆ ಹನ್ನೆರಡು ಲಡಿ ಕರಿ ನೂಲು. ಉದ್ದದ ಹಾಸಿಗೂ ಅಡ್ಡದ ಹೊಕ್ಕಿಗೂ ಅದೇ. ಮಿಕ್ಕಿದ್ದನ್ನು ವಾಪಸು ಕೊಡಬೇಕು, ಮೇಷ್ಟ್ರು ಅದನ್ನು ತಗಡಿನ ಟ್ರಂಕಿನಲ್ಲಿ ಇಟ್ಟು ಬೀಗ ಹಾಕುತ್ತಾರೆ.

ಸಂಜೆ ಹೋಗುವಾಗ ಲಡಿಗಳನ್ನು ಮಂಡಿಯಲ್ಲೇ ಬಿಟ್ಟು ಹೋಗಬೇಕಿತ್ತು. ತನ್ನ ಲಡಿಯನ್ನು ಯಾರಾದರೂ ಬದಲಿಸಿದರೆ? ಜುಂಜಮ್ಮ ಮನೆಯಿಂದ ಬಿಳಿ ಉಣ್ಣೆಯ ಚೂರು ತಂದು ಹನ್ನೆರಡು ಲಡಿಯ ತುದಿಗೂ ಒಂದೊಂದು ಎಳೆ ಹೊಸೆದು ಸೇರಿಸಿದಳು. ಬೆಳಿಗ್ಗೆ ಬಂದ ಕೂಡಲೇ ಎಣಿಸುವಳು.

ಹಾಸು ಹಾಕುವ ಹಿಂದಿನ ದಿನ ಮೇಷ್ಟ್ರು ಟೇಪು ಹಿಡಿದು ಅಂಗಳದಲ್ಲಿ ಎಲ್ಲರ ಗೂಟಕ್ಕೂ ಗುರುತು ಮಾಡಿದರು. ಜುಂಜಮ್ಮ ತನ್ನ ಗುರುತಿನ ಮುಂದೆ ನಿಂತಳು. ಇಪ್ಪತ್ತು ವರ್ಷ ಕ್ಯಾತಪ್ಪನಿಗೆ ಹಾಸು ಹಾಕಿಕೊಟ್ಟವಳ ಕಾಲಿಗೆ ಆರು ಮೊಳ ಎಂದರೆ ಎಷ್ಟು ಹೆಜ್ಜೆ ಎಂಬುದು ಗೊತ್ತಿತ್ತು. ಇದು ಗಿಡ್ಡ. ಹೆಚ್ಚುಕಡಿಮೆ ಒಂದು ಅಡಿ ಗಿಡ್ಡ.

ಆಗ ಎಲ್ಲವೂ ಅವಳಿಗೆ ಹೊಳೆಯಿತು. ಹನ್ನೆರಡು ಹೆಂಗಸರು, ಒಬ್ಬೊಬ್ಬರಿಂದ ಒಂದೊಂದು ಅಡಿ. ಮಿಕ್ಕ ನೂಲು ಟ್ರಂಕಿಗೆ. ಟ್ರಂಕಿನ ಬೀಗದ ಕೈ ಮೇಷ್ಟ್ರ ಕುತ್ತಿಗೆಯ ಶಿವದಾರದಲ್ಲಿ. ಬಿಳಿ ಟೋಪಿಯವನು ಕುರಿಯ ಕಾಲನ್ನು ಎಷ್ಟು ಪ್ರೀತಿಯಿಂದ ಎತ್ತಿದ್ದ!

ಮರುದಿನ ಅವಳು, ಅಲ್ಲಿನ ಪುಕ್ಕಟೆ ಊಟ ಮುಟ್ಟದೆ ಮನೆಯಿಂದಲೇ ತರುತ್ತಿದ್ದ ಬುತ್ತಿಯ ಚೀಲದಲ್ಲಿ ಕ್ಯಾತಪ್ಪನ ಕೋಲನ್ನು ಇಟ್ಟುಕೊಂಡು ಬಂದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅಂಗಳಕ್ಕೆ ಹೋಗಿ, ಸರಿಯಾಗಿ ಆರು ಸಲ ಕೋಲು ಇಟ್ಟು, ತನ್ನ ಗೂಟವನ್ನು ಕಿತ್ತು ಮುಂದಕ್ಕೆ ನೆಟ್ಟು, ಆ ಅಳತೆಗೇ ಹಾಸು ಹಾಕಿಕೊಂಡಳು. ಕ್ಯಾತಪ್ಪ ಎತ್ತರದ ಆಳು, ಕೈ ಉದ್ದ. ತನ್ನ ಪಾಲಿನ ನೂಲು ಟ್ರಂಕಿಗೆ ಹೋಗಲಿಲ್ಲ ಎಂಬ ಸಮಾಧಾನದಲ್ಲಿ ಅವತ್ತು ತಂಗಳು ಮುದ್ದೆಯೂ ರುಚಿಯಾಯಿತು.

ಎರಡು ವಾರ ಅವಳು ನೇಯ್ದಳು. ಅವಳ ಏಟು ಒತ್ತು. ಎಳೆಯ ಪಕ್ಕ ಎಳೆ ಕೂತು ಬೆಳಕು ತೂರದ ಹಾಗೆ ಇತ್ತು. ಉದ್ದನೆಯ ಹಾಸು ಹೆಚ್ಚು ನೂಲು ತಿಂದಿದೆ, ಒತ್ತು ನೇಯ್ಗೆ ಉಳಿದದ್ದನ್ನೂ ಬೇಗ ಬೇಗ ತಿನ್ನುತ್ತಿದೆ ಎಂಬುದು ಅವಳಿಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು. ಕೊನೆಯ ದಿನದ ಬೆಳಿಗ್ಗೆ ಲಾಳಿ ಖಾಲಿಯಾಯಿತು. ಹಾಸಿನ ಒಂದೂವರೆ ಮೊಳ ನೇಯದೆ ಹಾಗೇ ಉಳಿದಿತ್ತು, ಬರೀ ಎಳೆಗಳು.

ಅವತ್ತು ಬಾಗಿಲಲ್ಲಿ ದಾಸಣ್ಣ ಬಂದು ನಿಂತಿದ್ದ. ಫಲಿತಾಂಶ ಕೇಳಿಕೊಂಡು ಬಾ ಅಂತ ಚಿಕ್ಕನರಸಯ್ಯ ಕಳಿಸಿದ್ದಾನೆ ಎಂದ. ಹೆಗಲ ಮೇಲೆ ದಪ್ಪ ಹಗ್ಗದ ಸಿಂಬೆ. ಮಗ್ಗ ಹೊರುವುದಕ್ಕೆ ತಂದದ್ದೋ, ಸಂತೆಯಲ್ಲಿ ಕೊಂಡದ್ದೋ, ಅವಳು ಕೇಳಲಿಲ್ಲ.

ಮೇಷ್ಟ್ರು ಒಂದೊಂದೇ ಮಗ್ಗ ನೋಡುತ್ತ ಬಂದರು. ಚಿಕ್ಕಹನುಮಕ್ಕನ ಕಂಬಳಿ ಸಡಿಲವಾಗಿತ್ತು, ಆದರೆ ಪೂರ್ತಿಯಾಗಿತ್ತು. ಮಿಕ್ಕಿದ ಅರ್ಧ ಲಡಿ ವಾಪಸು ಕೊಟ್ಟಳು. ಜುಂಜಮ್ಮನ ಮಗ್ಗದ ಮುಂದೆ ಮೇಷ್ಟ್ರು ನಿಂತರು. ಬರೀ ಎಳೆಗಳ ಮೇಲೆ ಬೆರಳಾಡಿಸಿದರು.

"ಉಳಿದ ನೂಲೆಲ್ಲಮ್ಮ?"

"ಉಳ್ದಿಲ್ಲ."

"ಎಲ್ಲರಿಗೂ ಮಿಕ್ಕಿದೆ. ನಿಮಗೊಬ್ಬರಿಗೆ ಸಾಲದೇ ಹೋಯ್ತಾ?"

ಅಫ್ಜಲುನ್ನೀಸಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಮನೆಗೆ ತಗೊಂಡ್ಹೋಗಿದ್ರೆ ಹೇಳ್ಬಿಡು ಜುಂಜಮ್ಮ. ಖುದಾ ಕಸಮ್, ಯಾರೂ ಏನೂ ಅನ್ನಲ್ಲ."

ಆರು ವಾರದಿಂದ ಜುಂಜಮ್ಮ ಎಲ್ಲರ ಮೇಲೆ ಇಟ್ಟಿದ್ದ ಕಣ್ಣು ಈಗ ಹನ್ನೊಂದು ಜನರ ಮುಖದಿಂದ ಅವಳ ಕಡೆಗೇ ತಿರುಗಿತ್ತು. ಅವಳು ಗುಂಡಿಯಿಂದ ಮೇಲೆ ಹತ್ತಿದಳು.

"ನಂಗೆ ಕೊಟ್ಟಿದ್ದು ಎಷ್ಟು ಲಡಿ?"

"ಹನ್ನೆರಡು."

"ಈ ಕಂಬ್ಳೀಲಿ ಬಿಳಿ ಚುಕ್ಕಿ ಎಣಿಸ್ರಿ. ಲಡಿಗೊಂದು ಇಟ್ಟಿವ್ನಿ. ನೀವು ಬದಲಾಯಿಸ್ಬುಟ್ಟೀರಿ ಅಂತ."

ಮೇಷ್ಟ್ರ ಕಿವಿಯ ಮೇಲಿನ ಪೆನ್ಸಿಲ್ಲು ಅಲುಗಿತು. ಬಗ್ಗಿ ಎಣಿಸತೊಡಗಿದರು. ಕರಿ ಕಂಬಳಿಯಲ್ಲಿ ಜೋಳದ ಕಾಳಿನ ಹಾಗೆ ಚುಕ್ಕಿಗಳು ಅಲ್ಲಲ್ಲಿ ಹೊಳೆಯುತ್ತಿದ್ದವು. ಒಂದು, ಎರಡು. ಹೊಕ್ಕಿನಲ್ಲಿ ಏಳು, ಹಾಸಿನಲ್ಲಿ ನಾಲ್ಕು. ಹನ್ನೊಂದು. ಇನ್ನೊಂದು ಸಲ ಎಣಿಸಿದರು. ಹನ್ನೊಂದೇ.

"ಒಂದು ಕಮ್ಮಿ ಇದೆಯಲ್ಲಮ್ಮ."

ಜುಂಜಮ್ಮ ಕಂಬಳಿಯ ಮೇಲೆ ಬಗ್ಗಿದಳು. ಮೊಣಕಾಲೂರಿ ತಾನೇ ಹುಡುಕಿದಳು. ಕಣ್ಣಿಗೆ ಬರೀ ಕಪ್ಪು ಕಾಣುತ್ತಿತ್ತು.

ಬಾಗಿಲಿನಿಂದ ದಾಸಣ್ಣ ಬಂದ. ಯಾರನ್ನೂ ಕೇಳದೆ ಕಂಬಳಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಣ್ಣು ಅರ್ಧ ಮುಚ್ಚಿ, ಎಡ ಅಂಚಿನ ಉದ್ದಕ್ಕೂ ಹೆಬ್ಬೆರಳು ಸರಿಸಿದ. ನೇಯುವವರು ಹಾಗೆಯೇ ನೋಡುವುದು. ಒಂದು ಕಡೆ ಹೆಬ್ಬೆರಳು ನಿಂತಿತು. ಅಂಚಿನ ಮಡಿಕೆಯನ್ನು ಉಗುರಿನಿಂದ ಬಿಡಿಸಿದ. ಗಂಜಿ ಹತ್ತಿ ಕಂದಾಗಿದ್ದ ಒಂದು ಬಿಳಿ ಎಳೆ ಹೊರಗೆ ಬಂತು.

"ಹನ್ನೆರಡು" ಎಂದ ದಾಸಣ್ಣ.

ಯಾರೋ ಉಸಿರು ಬಿಟ್ಟರು. ಜುಂಜಮ್ಮ ಮಾತ್ರ ಬಿಡಲಿಲ್ಲ. ಅದು ಸಿಗದಿದ್ದರೆ ಮಗ್ಗ ಅವನದಾಗುತ್ತಿತ್ತು. ಸಿಕ್ಕಿದ್ದನ್ನು ಅವನು ಯಾಕೆ ತೋರಿಸಿದ?

"ಕದ್ದಿಲ್ಲ, ಒಪ್ದೆ. ತಪ್ಪು ತಿಳ್ಕೋಬೇಡಿ" ಎಂದರು ಮೇಷ್ಟ್ರು. "ಆದರೆ ನೂಲು ಯಾಕೆ ಸಾಲಲಿಲ್ಲ? ಗುರುತು ನಾನೇ ಹಾಕಿದ್ದೆನಲ್ಲ."

ಉತ್ತರ ಬುತ್ತಿಯ ಚೀಲದಲ್ಲಿತ್ತು. ಅದನ್ನು ದಾಸಣ್ಣನ ಎದುರಿಗೇ ತೆಗೆಯಬೇಕಿತ್ತು. ಜುಂಜಮ್ಮ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಕಂಬಳಿಯನ್ನು. ಆಮೇಲೆ ಚೀಲಕ್ಕೆ ಕೈ ಹಾಕಿದಳು.

ಹೊಂಗೆಯ ಕೋಲು. ಹಿಡಿದು ಹಿಡಿದು ನಡುವೆ ನುಣುಪಾಗಿ ಕಪ್ಪಾಗಿದ್ದದ್ದು.

ದಾಸಣ್ಣ ಎದ್ದು ನಿಂತ. "ಮಣ್ಣಿಗಾಕೋ ಹೊತ್ನಾಗೆ ಸಿಗವಲ್ದು ಅಂದಿದ್ದೆಯಲ್ಲ ಅತ್ಗೆ."

"ಅಂದಿದ್ದೆ."

"ನಾನು ತಿಪ್ಪೆಯೆಲ್ಲ ಕೆದರಿ ಹುಡುಕ್ದೆ ಕಣತ್ಗೆ."

"ನೋಡ್ತಿದ್ದೆ."

ಮೇಷ್ಟ್ರು ಕೋಲು ಇಸಿದುಕೊಂಡು ಟೇಪು ಹಿಡಿದರು. "ಇಪ್ಪತ್ತಿಂಚಿದೆ. ಅದಕ್ಕೇ. ಮೊಳ ಅಂದ್ರೆ ಹದಿನೆಂಟಿಂಚು ಕಣಮ್ಮ."

"ಯಾರ ಮೊಳ?"

ಮೇಷ್ಟ್ರು ಟೇಪನ್ನು ಕೋಲಿನ ಪಕ್ಕ ಇನ್ನೊಂದು ಸಲ ಹಿಡಿದು ನೋಡಿದರು. ಚಿಕ್ಕಹನುಮಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಮೊಳಕ್ಕೆರಡಿಂಚು ನೀವು ಒಳಗಾಕ್ಕತೀರಿ ಅಂದ್ಕಂಡಿದ್ದೆ" ಎಂದಳು ಜುಂಜಮ್ಮ. ಸುಳ್ಳು ಹೇಳಲು ಈಗ ಏನೂ ಉಳಿದಿರಲಿಲ್ಲ.

ಬಸವಲಿಂಗಯ್ಯನವರ ಮುಖ ಕೆಂಪಾಯಿತು. ಕುತ್ತಿಗೆಯಿಂದ ಬೀಗದ ಕೈ ತೆಗೆದು ಟ್ರಂಕಿನ ಮುಚ್ಚಳವನ್ನು ಗೋಡೆಗೆ ಬಡಿಯುವಂತೆ ತೆರೆದರು. ಒಳಗೆ ಮಿಕ್ಕಿದ ಲಡಿಗಳು, ಒಂದೊಂದಕ್ಕೂ ಒಂದೊಂದು ಚೀಟಿ. "ನೋಡಿ. ಮುಂದಿನ ತಂಡದವರಿಗೆ ಅಂತ ಬರೆದು ಕಟ್ಟಿದೀನಿ. ಓದ್ಕೊಳ್ಳಿ."

ಅವಳಿಗೆ ಓದಲು ಬರುತ್ತಿರಲಿಲ್ಲ. ಅದು ನೆನಪಾಗಿ ಮೇಷ್ಟ್ರು ದನಿ ತಗ್ಗಿಸಿದರು. ಕಂಬಳಿಯನ್ನು ಅಂಗೈಯಿಂದ ಸವರಿ, ಇಂಥ ಒತ್ತು ನೇಯ್ಗೆಯನ್ನು ತಾನು ಹೇಳಿಕೊಡಲಿಲ್ಲ ಎಂದರು. ಆದರೂ ಕಾಗದ ಇವತ್ತು ಆಗುವುದಿಲ್ಲ, ಕಂಬಳಿ ಪೂರ್ತಿಯಿಲ್ಲ, ಚುಕ್ಕಿ ಬೇರೆ ಇದೆ, ಮೇಲಿನವರಿಗೆ ಬರೆದು ಕೇಳಬೇಕು, ಎರಡು ತಿಂಗಳೋ ಮೂರು ತಿಂಗಳೋ ಎಂದರು. "ನಾನೇ ನಿಂತು ಬರೀತೀನಿ" ಎಂದಳು ಅಫ್ಜಲುನ್ನೀಸಾ.

ಜುಂಜಮ್ಮ ಕೋಲನ್ನು ವಾಪಸು ತೆಗೆದುಕೊಂಡು ಹೊರಗೆ ಬಂದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಹಿಂದೆಯೇ ದಾಸಣ್ಣನ ಚಪ್ಪಲಿಯ ಸದ್ದು.

"ಅತ್ಗೆ, ನಿಲ್ಲು."

ನಿಂತಳು. ಕೋಲು ಸೆರಗಿನೊಳಗೆ ಹೋಯಿತು.

"ಕಿತ್ಕತೀನಿ ಅಂದ್ಕಬ್ಯಾಡ" ಎಂದ ಅವನು. ಹಗ್ಗದ ಸಿಂಬೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ. "ಬಾಗಿಲಾಗೆ ನಿಂತಿದ್ನಲ್ಲ, ಬೆಳಿಗ್ಗೆ, ನೀನು ಕೊನೇ ನಾಕೇಟು ಹೊಡೆಯೋವಾಗ. ಕಣ್ಮುಚ್ಕಂಡು ಕೇಳಿದ್ರೆ ಅಣ್ಣನೇ. ಅವನೂ ಅಂಗೇ, ಎರಡು ಜೊತೇಗೆ ಬೀಳ್ತಿತ್ತು. ನಂಗೆ ಇವತ್ಗೂ ಬರಲ್ಲ ಅದು."

ಅವನ ಕಣ್ಣು ಒದ್ದೆಯಾಗಿತ್ತು. ಧೂಳಿಗಿರಬಹುದು. ಶಿರಾದ ಬೀದಿಯಲ್ಲಿ ಧೂಳಿಗೇನು ಕಡಿಮೆ?

"ಕಾಗದ ಗೀಗದ ಎಲ್ಲಾ ಬುಡು. ಚಿಕ್ಕನರಸಯ್ಯಂಗೆ ನಾನೇ ಹೇಳ್ತೀನಿ, ಬತ್ತದೆ ಅವಳಿಗೆ, ನನ್ ಕಣ್ಣಾರೆ ನೋಡ್ದೆ ಅಂತ. ಮಗ್ಗ ನಿನ್ನತ್ರನೇ ಇರ್ಲಿ ಅತ್ಗೆ. ಇವತ್ತೇ ಗೋಣಿತಾಟು ತಗುದ್ಬುಡು. ಆದ್ರೆ..."

ಹಗ್ಗದ ಮೇಲಿದ್ದ ಅವನ ಬೆರಳುಗಳನ್ನು ಅವಳು ನೋಡಿದಳು. ಮೂರು ಮೈಲಿ ದಾರಿ. ಹೊತ್ತು ಇಳಿಯುವ ಮೊದಲು ತಲುಪಿದರೆ ಹುಣಸೆಬೀಜ ಅರೆಯಬಹುದು, ಗಂಜಿಗೆ ಇಡಬಹುದು. ಮನೆಯ ಅಟ್ಟದ ಮೇಲೆ ಅವಳೇ ನೂತಿಟ್ಟ ಹದಿನೆಂಟು ಲಡಿ ಇದ್ದವು.

"ಆದ್ರೆ ಒಂದು ಮಾತೈತೆ. ಆ ಕೋಲು ಐತಲ್ಲ, ಅದು ಅಣ್ಣನ ಮಣ್ಣಿಗೆ..." ಎಂದು ಅವನು ಶುರುಮಾಡಿದ.

ಜುಂಜಮ್ಮ ಆಗಲೇ ರಸ್ತೆ ದಾಟಿದ್ದಳು. ಅವನು ಇನ್ನೂ ಏನೋ ಹೇಳುತ್ತಿದ್ದ. ಹಿಂದೆ ತಿರುಗದೆ, ಸೆರಗಿನೊಳಗಿನ ಕೋಲನ್ನು ಪಕ್ಕೆಗೆ ಒತ್ತಿ ಹಿಡಿದು, ಕೇರಿಯ ದಾರಿಯ ಕೆರೆ ಏರಿಯ ಕಡೆಗೆ ಅವಳು ಬಿರಬಿರನೆ ನಡೆದಳು.